ಟ್ರ್ಯಾಪ್, ಸ್ಕೀಟ್ ತೋಟಾ ತುಂಬಲು ಯಾವ ಪೌಡರ್? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದು ಟ್ರ್ಯಾಪ್, ಸ್ಕೀಟ್ (ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಯನ್ನು ಶಾಟ್‌ಗನ್ನಿನಿಂದ ಹೊಡೆಯುವುದು) ಆಟದ ರುಚಿ ಹತ್ತಿಸಿಕೊಂಡ ಕನ್ನಡಿಗರು ಅಲ್ಲಲ್ಲಿ ಇದ್ದಾರೆ. ಒಂದು ರೌಂಡಿಗೆ 25 ತೋಟಾ. ಶನಿವಾರ ಬೆಳಗ್ಗೆ ನಾಲ್ಕು ರೌಂಡ್ ಆಡಿದರೆ ನೂರು ಖಾಲಿ. ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಯಾರೋ ಹಳಬರು ‘ಖಾಲಿ ತೋಟಾ ನೀನೇ ಮತ್ತೆ ತುಂಬಿಕೊಳ್ಳಯ್ಯಾ’ ಅನ್ನುತ್ತಾರೆ. ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಇವು. ಇಲ್ಲಿ ಯಾವ ಲೋಡಿನ (ತೋಟಾಕ್ಕೆ ತುಂಬುವ ಸಾಮಗ್ರಿಗಳ ಜೋಡಣೆ) ಅಳತೆಯನ್ನೂ ಕೊಟ್ಟಿಲ್ಲ. ಅದನ್ನು ಪೌಡರ್ (ಮದ್ದು) ಕಂಪನಿಯ ಈಗಿನ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು.

ಮೊದಲು ಯಾವ ಪೌಡರ್ ಡಬ್ಬ ಕೊಳ್ಳಲಿ?

ಯಾವುದನ್ನೂ ಬೇಡ. ಮೊದಲು ನಿಮ್ಮ ಹತ್ತಿರ ಯಾವ ಖಾಲಿ ತೋಟಾ ರಾಶಿ ಬಿದ್ದಿದೆ ನೋಡಿ. ಇಲ್ಲಿ ಅದಕ್ಕೆ ‘ಹಲ್’ ಅನ್ನುತ್ತಾರೆ. ಆಮೇಲೆ ಎಷ್ಟು ತೂಕದ ಚರೆ (ಸೀಸದ ಸಣ್ಣ ಗುಂಡುಗಳು), ಎಷ್ಟು ವೇಗ ಬೇಕು ಅಂತ ತೀರ್ಮಾನ ಮಾಡಿ. ಪೌಡರ್ ಕೊನೆಗೆ ಬರುತ್ತದೆ. ಹೊಸಬರೆಲ್ಲ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅಂಗಡಿಯಲ್ಲಿ ಸೋವಿಗೆ ಸಿಕ್ಕಿತು ಅಂತ ಎಂಟು ಪೌಂಡ್ ಡಬ್ಬ ತಂದು, ‘ಇದಕ್ಕೆ ಏನು ಮಾಡಲಿ’ ಅಂತ ಕೇಳುತ್ತಾರೆ.

12 ಗೇಜ್ ಟಾರ್ಗೆಟ್ ತೋಟಾ 2¾ ಇಂಚಿನದು. ಗೇಜ್ ಅಂದರೆ ನಳಿಗೆಯ ಅಗಲದ ಅಳತೆ, ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಅಮೆರಿಕದ ಟ್ರ್ಯಾಪ್ ಸಂಸ್ಥೆ ಎಟಿಎ ನಿಯಮದಲ್ಲಿ ಚರೆ 1⅛ ಔನ್ಸ್ ಮೀರುವಂತಿಲ್ಲ. ವೇಗಕ್ಕೂ ಮಿತಿ ಇದೆ: 1⅛ ಔನ್ಸಿಗೆ ಸೆಕೆಂಡಿಗೆ 1,290 ಅಡಿ, 1 ಔನ್ಸಿಗೆ 1,325, ⅞ ಔನ್ಸಿಗೆ 1,350. ಒಲಿಂಪಿಕ್ ಮಾದರಿಯ ಆಟಕ್ಕೆ 24 ಗ್ರಾಂ ಚರೆ. ಅಭ್ಯಾಸಕ್ಕೆ ಈ ಗರಿಷ್ಠಗಳ ಹತ್ತಿರ ಹೋಗುವ ಅಗತ್ಯವೇ ಇಲ್ಲ. 16 ಗಜದಿಂದ ಹೊಡೆಯುವವರಿಗೆ 1 ಔನ್ಸ್, ಸೆಕೆಂಡಿಗೆ 1,180 ಅಡಿಯ ತೋಟಾ ಧಾರಾಳ ಸಾಕು. ಬಿಲ್ಲೆ ಒಡೆಯಲಿಲ್ಲ ಅಂದರೆ ಅದು ತೋಟಾದ ತಪ್ಪಲ್ಲ, ಅಲ್ವಾ?

ಎಲ್ಲರೂ ‘ರೆಸಿಪಿ’ ಅನ್ನುತ್ತಾರೆ. ಸ್ವಲ್ಪ ಹೆಚ್ಚುಕಡಿಮೆ ಆದರೆ ಏನಾಗುತ್ತದೆ?

ಇಡೀ ವಿಷಯದ ಜೀವಾಳ ಇದೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಒಂದು ತೋಟಾದಲ್ಲಿ ಐದು ಭಾಗ: ಹಲ್, ಪ್ರೈಮರ್ (ಮದ್ದಿಗೆ ಬೆಂಕಿ ಹತ್ತಿಸುವುದು, ಊರಿನ ಕೋವಿಯವರ ಬಾಯಲ್ಲಿ ಕೇಪು), ಪೌಡರ್, ವ್ಯಾಡ್, ಚರೆ. ವ್ಯಾಡ್ ಅಂದರೆ ಮದ್ದಿಗೂ ಚರೆಗೂ ನಡುವೆ ಕೂರುವ ಪ್ಲಾಸ್ಟಿಕ್ ಬಟ್ಟಲು. ಈ ಐದನ್ನೂ ಒಟ್ಟಿಗೆ ಪರೀಕ್ಷಾ ನಳಿಗೆಯಲ್ಲಿ ಹೊಡೆದು, ಒತ್ತಡ ಅಳೆದು ಕಂಪನಿ ಬರೆದಿಟ್ಟದ್ದೇ ರೆಸಿಪಿ. 12 ಗೇಜ್ 2¾ ಇಂಚಿನ ತೋಟಾಕ್ಕೆ ಅಮೆರಿಕದ ಬಂದೂಕು, ತೋಟಾ ತಯಾರಕರ ಸಾಮಿ ಸಂಸ್ಥೆ ಹಾಕಿದ ಗರಿಷ್ಠ ಒತ್ತಡ 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಿಮ್ಮ ಗ್ಯಾರೇಜಿನಲ್ಲಿ ಒತ್ತಡ ಅಳೆಯುವ ಯಂತ್ರ ಇಲ್ಲ. ಆದ್ದರಿಂದ ಅವರು ಬರೆದದ್ದನ್ನು ಬರೆದ ಹಾಗೇ ಮಾಡಬೇಕು.

ರೈಫಲ್ ತೋಟಾ ತುಂಬುವವರಿಗೆ ಬೇರೆ ಅಭ್ಯಾಸ. ಕಡಿಮೆಯಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾ, ಹಿತ್ತಾಳೆ ಕೇಸಿನ ಮೇಲೆ ಒತ್ತಡದ ಗುರುತು ನೋಡುತ್ತಾರೆ. ಶಾಟ್‌ಗನ್ನಿನಲ್ಲಿ ಆ ದಾರಿ ಇಲ್ಲ. ಪ್ಲಾಸ್ಟಿಕ್ ಹಲ್ ನಿಮಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಚೆನ್ನಾಗಿಯೇ ಕಾಣುತ್ತಾ ಇರುತ್ತದೆ, ಒಳಗೆ ಒತ್ತಡ ಮಿತಿ ದಾಟಿರುತ್ತದೆ.

ಪ್ರೈಮರ್ ಒಂದನ್ನೇ ಬದಲಿಸಿದರೂ ಸಾಕು. ಹೊರಗಿಂದ ಎಲ್ಲ ‘209’ ಪ್ರೈಮರೂ ಒಂದೇ ಗಾತ್ರ. ಆದರೆ ಫೆಡರಲ್ 209ಎ ಬಲವಾದ ಬೆಂಕಿ ಉಗುಳುತ್ತದೆ. ಮೆತ್ತಗಿನ ಪ್ರೈಮರ್ ಹೇಳಿದ ಕಡೆ ಅದನ್ನು ಹಾಕಿದರೆ ಒತ್ತಡ ಸಾವಿರಾರು ಪಿಎಸ್‌ಐ ಮೇಲೆ ಹೋಗಬಹುದು. ಪೌಡರ್ ಒಂದು ಗ್ರೇನ್ (ಪೌಂಡಿನ 7,000ದಲ್ಲಿ ಒಂದು ಪಾಲು) ಕೂಡ ಹೆಚ್ಚು ಹಾಕಿಲ್ಲ, ಆದರೂ ಗಡಿ ದಾಟಿಬಿಟ್ಟಿರಿ.

ಒಂದು ವಿನಾಯಿತಿ ಇದೆ. ಮೂಲ ವ್ಯಾಡಿನ ನಕಲಾಗಿ ಮಾಡಿದ ಕ್ಲೇಬಸ್ಟರ್ ವ್ಯಾಡುಗಳನ್ನು ಅದೇ ಜಾಗದಲ್ಲಿ ಬಳಸುವವರು ಬಹಳ ಜನ. ಅದಕ್ಕೂ ಪೌಡರ್ ಕಂಪನಿಯ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಕೊಳ್ಳುವುದು ಒಳ್ಳೆಯದು. ಎಷ್ಟೋ ಸಲ ಇರುತ್ತದೆ.

ವೇಗದ ಪೌಡರ್, ನಿಧಾನದ ಪೌಡರ್ ಅಂದರೆ ಏನು?

ಒಣಗಿದ ತೆಂಗಿನ ಗರಿಗೆ ಬೆಂಕಿ ಇಟ್ಟರೆ ಭಗ್ಗನೆ ಉರಿದು ಮುಗಿಯುತ್ತದೆ. ಹುಣಸೆ ಕೊರಡು ನಿಂತು ಉರಿಯುತ್ತದೆ. ಪೌಡರಿನಲ್ಲೂ ಹಾಗೆ. ಎಲ್ಲವೂ ನೈಟ್ರೋಸೆಲ್ಯುಲೋಸಿನಿಂದಲೇ ಆದವು. ಕೆಲವದರಲ್ಲಿ ನೈಟ್ರೋಗ್ಲಿಸರಿನ್ ಕೂಡ ಸೇರಿರುತ್ತದೆ. ಕಾಳಿನ ಆಕಾರ, ದಪ್ಪ, ಮೇಲಿನ ಲೇಪದಿಂದ ಉರಿಯುವ ವೇಗ ಬದಲಾಗುತ್ತದೆ.

ಹಗುರ ಚರೆ ಬೇಗ ಮುಂದೆ ಓಡುತ್ತದೆ. ಆದ್ದರಿಂದ ಬೇಗ ಉರಿಯುವ ಪೌಡರ್ ಬೇಕು, ಇಲ್ಲದಿದ್ದರೆ ಒತ್ತಡವೇ ಏರುವುದಿಲ್ಲ. ಭಾರದ ಚರೆ ಜಗ್ಗುವುದಿಲ್ಲ. ಅಲ್ಲಿ ವೇಗದ ಪೌಡರ್ ಹಾಕಿದರೆ ಒತ್ತಡ ಒಮ್ಮೆಲೇ ನೆತ್ತಿಗೇರುತ್ತದೆ. ಹಾಗಾಗಿ ಹಗುರ ಟಾರ್ಗೆಟ್ ಲೋಡಿಗೆ ವೇಗದ್ದು, ಭಾರದ ಅಥವಾ ಹೆಚ್ಚು ವೇಗದ ಲೋಡಿಗೆ ನಿಧಾನದ್ದು. ಉರಿಯುವ ವೇಗದ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಅವು ಬರೀ ಸಾಲು ತೋರಿಸಲು. ಪಟ್ಟಿಯಲ್ಲಿ ಪಕ್ಕಪಕ್ಕ ಇರುವ ಎರಡು ಪೌಡರನ್ನು ಅದಲು ಬದಲು ಮಾಡಬಹುದು ಅಂತ ಮಾತ್ರ ಓದಿಕೊಳ್ಳಬೇಡಿ.

12 ಗೇಜಿಗೆ ಇಲ್ಲಿನವರು ಹೆಚ್ಚಾಗಿ ಬಳಸುವುದು ಯಾವುದು?

ಹಳಬರಲ್ಲಿ ಹಳಬ ರೆಡ್ ಡಾಟ್. 1932ರಿಂದ ಇದೆ. ಮೊದಲು ಹರ್ಕ್ಯುಲಿಸ್ ಕಂಪನಿಯದು, 1995ರಿಂದ ಅಲಯಂಟ್ ಹೆಸರಿನಲ್ಲಿ. ಅಗಲ ಅಗಲ ಪದರಗಳ ನಡುವೆ ಕೆಂಪು ಚೂರುಗಳು ಕಾಣುತ್ತವೆ, ಗುರುತು ಹಿಡಿಯಲು. ಜಾಗ ಜಾಸ್ತಿ ತಿನ್ನುವ ಪೌಡರ್ ಇದು, ಅದರಿಂದ 1⅛ ಔನ್ಸಿನ ಹಳೆಯ ಲೋಡುಗಳಲ್ಲಿ ಹಲ್ ಚೆನ್ನಾಗಿ ತುಂಬುತ್ತದೆ.

ಅದೇ ಗುಂಪಿನಲ್ಲಿ ಹಾಜ್‌ಡನ್ ಕಂಪನಿಯ ಕ್ಲೇಸ್, ಐಎಂಆರ್ 700-ಎಕ್ಸ್, ಅಕ್ಯುರೇಟ್ ನೈಟ್ರೋ 100, ಅಲಯಂಟಿನ ಕ್ಲೇ ಡಾಟ್. ಟೈಟ್‌ವ್ಯಾಡ್ ಮತ್ತು ಇ3 ಇನ್ನೂ ವೇಗ. ಅಳತೆ ಬಹಳ ಕಡಿಮೆ ಸಾಕು, ಒಂದು ಡಬ್ಬ ಬಹಳ ದಿನ ಬರುತ್ತದೆ. ಆದರೆ ಸ್ವಲ್ಪ ಎಡವಟ್ಟಾದರೂ ಪೆಟ್ಟು ದೊಡ್ಡದು. ಮೊದಲ ಪೌಡರ್ ಆಗಿ ನಾನು ಅವನ್ನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಮೆಟ್ಟಿಲು ನಿಧಾನಕ್ಕೆ ಬಂದರೆ ಅಮೆರಿಕನ್ ಸೆಲೆಕ್ಟ್, ವಿಂಚೆಸ್ಟರ್ ಡಬ್ಲ್ಯುಎಸ್‌ಟಿ, ಇಂಟರ್‌ನ್ಯಾಷನಲ್, ಗ್ರೀನ್ ಡಾಟ್. 27 ಗಜದಿಂದ ಹೊಡೆಯುವ ಹ್ಯಾಂಡಿಕ್ಯಾಪ್ (ಪಳಗಿದವರನ್ನು ಹಿಂದಕ್ಕೆ ನಿಲ್ಲಿಸುವ ಆಟ) ಆಟಗಾರರು 1⅛ ಔನ್ಸನ್ನು 1,200ರ ಮೇಲೆ ಓಡಿಸಬೇಕಾದಾಗ ಈ ಕೊನೆಯ ಎರಡರ ಕಡೆ ವಾಲುತ್ತಾರೆ. ಅದೇ ಲೋಡನ್ನು ರೆಡ್ ಡಾಟಿನಲ್ಲಿ ಹುಡುಕಿದರೆ ಒತ್ತಡದ ಅಂಕಿ ಗಡಿಯ ಹತ್ತಿರ ಬಂದಿರುತ್ತದೆ.

ನನ್ನ ಮಾತು ಕೇಳುವುದಾದರೆ: 1 ಔನ್ಸ್ ತೋಟಾಕ್ಕೆ ಕ್ಲೇಸ್ ಅಥವಾ ರೆಡ್ ಡಾಟ್. ಎರಡರಲ್ಲಿ ಯಾವುದು ನಿಮ್ಮೂರ ಅಂಗಡಿಯಲ್ಲಿ ತಪ್ಪದೆ ಸಿಗುತ್ತದೋ ಅದು. ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ.

ಅಂಗಡಿ ಬಾಕ್ಸ್ ಮೇಲೆ ‘3 ಡ್ರಾಮ್’ ಅಂತ ಇದೆ. ಅಷ್ಟು ಪೌಡರ್ ತೂಗಿ ಹಾಕಬೇಕಾ?

ಖಂಡಿತ ಬೇಡ! ಇದು ಪ್ರಾಣಕ್ಕೆ ಬರುವ ತಪ್ಪು. ಅದು ಹಳೆಯ ಕಪ್ಪು ಮದ್ದಿನ ಕಾಲದ ಲೆಕ್ಕ. ‘ಮೂರು ಡ್ರಾಮ್ ಕಪ್ಪು ಮದ್ದು ಹಾಕಿದರೆ ಎಷ್ಟು ವೇಗ ಬರುತ್ತಿತ್ತೋ, ಈ ತೋಟಾ ಅಷ್ಟು ವೇಗ ಕೊಡುತ್ತದೆ’ ಅಂತ ಮಾತ್ರ ಅರ್ಥ. 1⅛ ಔನ್ಸ್ ಚರೆಗೆ 2¾ ಡ್ರಾಮ್ ಅಂದರೆ ಸೆಕೆಂಡಿಗೆ 1,145 ಅಡಿ, 3 ಡ್ರಾಮ್ ಅಂದರೆ 1,200 ಅಡಿ. ಮೂರು ಡ್ರಾಮ್ ತೂಕ 82 ಗ್ರೇನ್ ಆಗುತ್ತದೆ. ಈಗಿನ ಹೊಗೆಯಿಲ್ಲದ ಟಾರ್ಗೆಟ್ ಪೌಡರ್ 12 ಗೇಜಿಗೆ ಇಪ್ಪತ್ತು ಗ್ರೇನ್ ಆಸುಪಾಸು. 82 ಗ್ರೇನ್ ಹಾಕಿದರೆ ಕೋವಿಯೂ ಉಳಿಯುವುದಿಲ್ಲ, ಕೈಯೂ ಉಳಿಯುವುದಿಲ್ಲ.

12 ಮತ್ತು 20 ಗೇಜ್ ಎರಡಕ್ಕೂ ಒಂದೇ ಪೌಡರ್ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು. ಯೂನಿಕ್ ಮತ್ತು ಯೂನಿವರ್ಸಲ್ ಈ ಕೆಲಸಕ್ಕೆ ಹೆಸರಾದವು. 12, 20, 28 ಮೂರಕ್ಕೂ ಲೋಡುಗಳು ಸಿಗುತ್ತವೆ. ಇಂಟರ್‌ನ್ಯಾಷನಲ್ ಕೂಡ 12 ಮತ್ತು 20ಕ್ಕೆ ಆಗುತ್ತದೆ. ಎರಡೂ ಕಡೆ ನಡೆಯುತ್ತದೆ ಅಂದಮೇಲೆ ಎರಡು ಕಡೆಯೂ ಅತ್ಯುತ್ತಮ ಅಂತ ಅಲ್ಲ. 12 ಗೇಜಿನ ಹಗುರ ಲೋಡಿನಲ್ಲಿ ಇವು ಸ್ವಲ್ಪ ಕೊಳೆ ಬಿಡುತ್ತವೆ. ಆದರೂ ಮನೆಯಲ್ಲಿ ಒಂದೇ ಪೌಡರ್ ಡಬ್ಬ ಇದ್ದರೆ ತಪ್ಪು ಡಬ್ಬ ಸುರಿಯುವ ಭಯ ಇಲ್ಲ. ಆ ನೆಮ್ಮದಿಗೆ ಸ್ವಲ್ಪ ಕೊಳೆ ಸಹಿಸಬಹುದು.

ಈ ಎರಡು ಗೇಜ್ ಒಟ್ಟಿಗೆ ಇಟ್ಟುಕೊಳ್ಳುವವರಿಗೆ ಪೌಡರಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. 20 ಗೇಜ್ ತೋಟಾ 12 ಗೇಜ್ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹೊರಗಿಂದ ನಳಿಗೆ ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಅದಕ್ಕೇ 20 ಗೇಜ್ ತೋಟಾ ಹಳದಿ ಬಣ್ಣದ್ದು. ಎರಡೂ ಒಂದೇ ಜೇಬಿನಲ್ಲಿ, ಒಂದೇ ಚೀಲದಲ್ಲಿ ಇರಬಾರದು.

28 ಗೇಜ್ ಮತ್ತು .410ಕ್ಕೆ?

ಸ್ಕೀಟ್ ಆಡುವವರು ಕೇಳುವ ಪ್ರಶ್ನೆ. .410 ಅನ್ನುವುದು ಗೇಜ್ ಅಲ್ಲ, ಇಂಚಿನಲ್ಲಿ ನಳಿಗೆಯ ಅಗಲ. ಅಲ್ಲಿ 12ಕ್ಕೆ 1⅛ ಔನ್ಸ್, 20ಕ್ಕೆ ⅞, 28ಕ್ಕೆ ¾, .410ಕ್ಕೆ ½ ಔನ್ಸ್ ಚರೆ.

ಚಿಕ್ಕ ಗೇಜಿನಲ್ಲಿ ಚರೆಯ ಕಂಬ ಸಣ್ಣಗೆ, ಉದ್ದಕ್ಕೆ ಇರುತ್ತದೆ. ಒತ್ತಡ ಬೇಗ ಏರುತ್ತದೆ. ಆದ್ದರಿಂದ ನಿಧಾನದ ಪೌಡರ್ ಬೇಕು. 28ಕ್ಕೆ ಅಲಯಂಟ್ 20/28, ಯೂನಿವರ್ಸಲ್, ಯೂನಿಕ್ ಬಳಕೆಯಲ್ಲಿವೆ. .410ಕ್ಕೆ ಹಾಜ್‌ಡನ್ ಎಚ್110, ವಿಂಚೆಸ್ಟರ್ 296, ಲಿಲ್‌ಗನ್, ಅಲಯಂಟ್ 410. ಇವು ಮ್ಯಾಗ್ನಮ್ ರಿವಾಲ್ವರಿಗೂ ಹಾಕುವ ಜಾತಿಯವು. 12 ಗೇಜಿನ ರೆಡ್ ಡಾಟ್ ಉಳಿದಿದೆ ಅಂತ .410ಕ್ಕೆ ಸುರಿಯುವ ಯೋಚನೆ ಕನಸಿನಲ್ಲೂ ಬೇಡ.

ಕಾಳಿನ ಆಕಾರವೂ ಇಲ್ಲಿ ಮುಖ್ಯ. ದೊಡ್ಡ ಪದರದ ಪೌಡರ್ ತೋಟಾ ತುಂಬುವ ಯಂತ್ರದ ಸಣ್ಣ ಕೊಳವೆಯಲ್ಲಿ ಅಡ್ಡಡ್ಡ ನಿಂತು ಕಟ್ಟಿಕೊಳ್ಳುತ್ತದೆ. ಒಂದು ತೋಟಾಕ್ಕೆ ಅರ್ಧ ಬಿದ್ದು, ಉಳಿದದ್ದು ಮುಂದಿನದಕ್ಕೆ ಸೇರಿಬಿಡುತ್ತದೆ. ಸಣ್ಣ ದುಂಡು ಕಾಳಿನ ಬಾಲ್ ಪೌಡರ್ ನೀರಿನ ಹಾಗೆ ಇಳಿಯುತ್ತದೆ. .410ರಲ್ಲಿ ಅದನ್ನೇ ಬಳಸಿ. ಯಂತ್ರದ ಸಂದುಗಳಲ್ಲಿ ಸೋರಿ ಮೇಜೆಲ್ಲ ಹರಡುತ್ತದೆ, ನಿಜ. ಒರೆಸಿಕೊಂಡರಾಯಿತು.

ಒದೆತ ಕಡಿಮೆ ಇರುವ ಪೌಡರ್ ಯಾವುದು?

ಭುಜದ ನೋವಿಗೆ ಪೌಡರಿನಲ್ಲಿ ಔಷಧ ಹುಡುಕುವವರು ಬಹಳ. ‘ನಿಧಾನದ ಪೌಡರ್ ಮೆಲ್ಲಗೆ ತಳ್ಳುತ್ತದೆ, ವೇಗದ್ದು ಹೊಡೆಯುತ್ತದೆ’ ಅನ್ನುವ ಮಾತು ಕ್ಲಬ್ಬುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಒದೆತವನ್ನು ತೀರ್ಮಾನಿಸುವುದು ನಳಿಗೆಯಿಂದ ಹೊರಗೆ ಹೋಗುವ ಒಟ್ಟು ತೂಕ, ಅದರ ವೇಗ, ನಿಮ್ಮ ಕೋವಿಯ ತೂಕ. ಹೊರಗೆ ಹೋಗುವುದರಲ್ಲಿ ಪೌಡರಿನ ತೂಕವೂ ಸೇರಿದೆ. ಅಂದರೆ ಅದೇ ವೇಗಕ್ಕೆ ನಿಧಾನದ ಪೌಡರ್ ಎರಡು ಮೂರು ಗ್ರೇನ್ ಜಾಸ್ತಿ ಬೇಕಾದರೆ, ಲೆಕ್ಕದಲ್ಲಿ ಒದೆತ ಕೂದಲೆಳೆಯಷ್ಟು ಹೆಚ್ಚೇ ಆಗುತ್ತದೆ. ಇಡೀ ಘಟನೆ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಭುಜಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಆಣೆ ಮಾಡುವವರೂ ಇದ್ದಾರೆ. ನನಗೆ ಗೊತ್ತಾಗುವುದಿಲ್ಲ.

ಗೊತ್ತಾಗುವ ವ್ಯತ್ಯಾಸ ಬೇಕಾ? 1⅛ ಔನ್ಸ್ ಬಿಟ್ಟು 1 ಔನ್ಸಿಗೆ ಬನ್ನಿ, ಇಲ್ಲಾ ⅞ಕ್ಕೆ. ವೇಗ ಐವತ್ತು ಅಡಿ ಇಳಿಸಿ. ಅದೇ ದಿನ ಸಂಜೆ ಭುಜ ನಿಮಗೆ ಉತ್ತರ ಹೇಳುತ್ತದೆ. ತುಂಬಾ ಹಗುರ ಮಾಡಿದರೆ ಸೆಮಿ ಆಟೋ ಕೋವಿ ಖಾಲಿ ತೋಟಾವನ್ನು ಉಗುಳದೆ ಕೂರಬಹುದು. ಜೋಡು ನಳಿಗೆಯವರಿಗೆ ಆ ಚಿಂತೆ ಇಲ್ಲ.

ಹೊಡೆದ ಮೇಲೆ ನಳಿಗೆಯಲ್ಲಿ ಉರಿಯದ ಚೂರು ಉಳಿಯುತ್ತಿದೆ. ಪೌಡರ್ ಕಳಪೆಯಾ?

ಇರಲಿಕ್ಕಿಲ್ಲ. ಒತ್ತಡ ಸಾಲದಿದ್ದರೆ ಯಾವ ಪೌಡರೂ ಪೂರ್ತಿ ಉರಿಯುವುದಿಲ್ಲ. ಕ್ರಿಂಪ್ ನೋಡಿ. ತೋಟಾದ ಬಾಯಿಯನ್ನು ಹೂವಿನ ದಳದ ಹಾಗೆ ಮಡಿಸಿ ಮುಚ್ಚುವ ಭಾಗ ಅದು. ಅಂಚಿಗಿಂತ ಸುಮಾರು 1/16 ಇಂಚು ಒಳಕ್ಕೆ, ಬಿಗಿಯಾಗಿ ಕೂತಿರಬೇಕು. ಸಡಿಲ ಇದ್ದರೆ ಪೌಡರ್ ಹತ್ತಿಕೊಳ್ಳುವ ಮೊದಲೇ ಬಾಯಿ ತೆರೆದುಕೊಳ್ಳುತ್ತದೆ. ಬಹಳ ಆಳಕ್ಕೆ ಒತ್ತಿದರೆ ಉಲ್ಟಾ, ಒತ್ತಡ ಏರುತ್ತದೆ.

ಕ್ರಿಂಪ್ ಕೆಡುವುದಕ್ಕೂ ಪೌಡರ್ ಆಯ್ಕೆಗೂ ನೇರ ಸಂಬಂಧ ಇದೆ. ಪೌಡರ್, ವ್ಯಾಡ್, ಚರೆ ಮೂರೂ ಸೇರಿದ ಎತ್ತರ ಹಲ್ಲಿಗೆ ಸರಿಯಾಗಿ ಹೊಂದಬೇಕು. ⅞ ಔನ್ಸ್ ಚರೆಗೆ ದಟ್ಟ ಪೌಡರ್ ಹಾಕಿದರೆ ಮೇಲೆ ಜಾಗ ಉಳಿದು ಕ್ರಿಂಪ್ ಕುಸಿಯುತ್ತದೆ. ಹರವಿನ ಪೌಡರ್ ಆ ಜಾಗ ತುಂಬುತ್ತದೆ. ಚರೆಯ ಮೇಲೋ ಕೆಳಗೋ ಧಾನ್ಯ, ರಟ್ಟು ತುರುಕಿ ಎತ್ತರ ಸರಿಮಾಡುವವರನ್ನು ನೋಡಿದ್ದೇನೆ. ಪಟ್ಟಿಯಲ್ಲಿ ಇಲ್ಲದ ಯಾವ ವಸ್ತುವೂ ತೋಟಾದೊಳಗೆ ಹೋಗಬಾರದು. ಬೇರೆ ವ್ಯಾಡ್ ಇರುವ ರೆಸಿಪಿ ಹುಡುಕಿ.

ಮಿಷಿಗನ್, ಮಿನ್ನೆಸೋಟಾದ ಚಳಿಯಲ್ಲಿ ಬೇಸಿಗೆಯ ಲೋಡ್ ನಡೆಯುತ್ತದಾ?

ಕೆಲವು ನಡೆಯುತ್ತವೆ, ಕೆಲವು ಕೈ ಕೊಡುತ್ತವೆ. ಚಳಿಗೆ ಒತ್ತಡ ಇಳಿಯುತ್ತದೆ. ಪ್ಲಾಸ್ಟಿಕ್ ವ್ಯಾಡ್ ಗಟ್ಟಿಯಾಗಿ, ಅನಿಲವನ್ನು ಸರಿಯಾಗಿ ತಡೆಯುವುದಿಲ್ಲ. ಬೇಸಿಗೆಯಲ್ಲೇ ಒತ್ತಡ ಕಡಿಮೆ ಇದ್ದ ಲೋಡ್ ಜನವರಿಯಲ್ಲಿ ಪುಸ್ ಅನ್ನುತ್ತದೆ. ಪಟ್ಟಿಯಲ್ಲಿ ಒತ್ತಡದ ಅಂಕಿ ನೋಡಿ. ಆರು ಸಾವಿರದ ಆಸುಪಾಸು ಇರುವ ಲೋಡನ್ನು ಬೇಸಿಗೆಗೆ ಇಟ್ಟು, ಚಳಿಗೆ ಒಂಬತ್ತು ಸಾವಿರದ ಹತ್ತಿರದ್ದು ತುಂಬಿಕೊಳ್ಳುವುದು ನನ್ನ ಕ್ರಮ. ಎರಡೂ ಮಿತಿಯ ಒಳಗೇ ಇವೆ. ತೋಟಾ ಪೆಟ್ಟಿಗೆಯನ್ನು ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿ ಬಿಡದಿದ್ದರೂ ಅರ್ಧ ಸಮಸ್ಯೆ ಕಡಿಮೆ.

ಹೊಡೆದಾಗ ‘ಢಂ’ ಅನ್ನುವ ಬದಲು ‘ಭುಸ್’ ಅಂತು. ಮುಂದಿನದು ಹೊಡೆಯಲಾ?

ನಿಲ್ಲಿಸಿ. ಕೋವಿಯನ್ನು ನೆಲದ ಕಡೆಗೆ, ಮುಂದಕ್ಕೆ ಹಿಡಿದೇ ಸ್ವಲ್ಪ ಹೊತ್ತು ಕಾಯಿರಿ. ಆಮೇಲೆ ತೆರೆದು, ತೋಟಾ ಎಲ್ಲ ತೆಗೆದು, ನಳಿಗೆಯ ಒಳಗೆ ಬೆಳಕು ಕಾಣುತ್ತದಾ ನೋಡಿ. ಪೌಡರ್ ಕಡಿಮೆ ಬಿದ್ದ ತೋಟಾದಲ್ಲಿ ವ್ಯಾಡ್ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಮೇಲೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಕ್ಲಬ್ಬಿನಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಅನ್ನುವ ಮುಜುಗರಕ್ಕೆ ಇದನ್ನು ಬಿಡಬೇಡಿ. ಚೀಲದಲ್ಲಿ ಒಂದು ಮರದ ಕೋಲು ಇಟ್ಟುಕೊಂಡಿರಿ, ತಳ್ಳಿ ತೆಗೆಯಲು.

ನನ್ನ ಮೆಕ್ ಯಂತ್ರದ ಬುಶಿಂಗ್ ಪಟ್ಟಿಯಲ್ಲಿ ಎಷ್ಟು ಗ್ರೇನ್ ಅಂತ ಇದೆ. ಸಾಲದಾ?

ಸಾಲದು. ವಿಸ್ಕಾನ್ಸಿನ್‌ನ ಮೇವಿಲ್ ಊರಿನ ಮೆಕ್ ಯಂತ್ರಗಳು ಇಲ್ಲಿ ಅರ್ಧಕ್ಕರ್ಧ ಗ್ಯಾರೇಜುಗಳಲ್ಲಿ ಇವೆ. ತೂತಿರುವ ಒಂದು ಸಣ್ಣ ಬಿಲ್ಲೆ, ಅದೇ ಬುಶಿಂಗ್, ಪೌಡರನ್ನು ಅಳೆಯುತ್ತದೆ. ಆದರೆ ಅದು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಪೌಡರಿನ ದಟ್ಟಣೆ ಒಂದು ಲಾಟಿನಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗುತ್ತದೆ. ನೀವು ಹಿಡಿ ಎಳೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಪಟ್ಟಿ ಹೇಳಿದ್ದಕ್ಕಿಂತ ಕಡಿಮೆಯೇ ಬೀಳುತ್ತದೆ.

ಒಂದು ಒಳ್ಳೆಯ ತಕ್ಕಡಿ ಕೊಳ್ಳಿ. ಸುಮ್ನೆ ಬಾರ್ (ಬುಶಿಂಗ್ ಕೂರುವ ಸರಳು) ಎಳೆದು ತೂಗಬೇಡಿ. ಮಾಮೂಲಿನಂತೆ ಕೆಲವು ತೋಟಾ ಪೂರ್ತಿ ತುಂಬುತ್ತಾ ಹೋಗಿ, ಯಂತ್ರ ಅಲುಗಾಡಿ ಪೌಡರ್ ಕುಳಿತ ಮೇಲೆ ಹತ್ತು ಅಳತೆ ಹಿಡಿದು ತೂಗಿ, ಸರಾಸರಿ ತೆಗೆಯಿರಿ. ಹೊಸ ಡಬ್ಬ ತೆರೆದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ತಕ್ಕಡಿ ಇಲ್ಲದೆ ರೀಲೋಡಿಂಗ್ ಶುರು ಮಾಡುವವರಿಗೆ ನಾನು ಬೇರೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

ಪ್ರೊಮೋ ಅಂದರೆ ಅಗ್ಗದ ರೆಡ್ ಡಾಟ್ ತಾನೇ?

ಹೆಚ್ಚುಕಡಿಮೆ ಹಾಗೇ. ಅದೂ ಅಲಯಂಟ್ ಕಂಪನಿಯ ಪೌಡರ್. ರೆಡ್ ಡಾಟಿನ ಲೋಡನ್ನೇ ಬಳಸಬಹುದು, ಆದರೆ ತೂಕದಿಂದ ಮಾತ್ರ. ಪ್ರೊಮೋ ಹೆಚ್ಚು ದಟ್ಟ. ರೆಡ್ ಡಾಟಿಗೆ ಹಾಕಿದ ಬುಶಿಂಗನ್ನೇ ಬಿಟ್ಟರೆ ಅದೇ ತೂತಿನಲ್ಲಿ ಹೆಚ್ಚು ತೂಕ ಬೀಳುತ್ತದೆ, ಒತ್ತಡ ಮಿತಿ ಮೀರುತ್ತದೆ. ದಟ್ಟಣೆ ಲಾಟಿನಿಂದ ಲಾಟಿಗೂ ಬದಲಾಗುತ್ತದೆ. ಅಗ್ಗ ನಿಜ. ತಕ್ಕಡಿ ಮುಂದಿಟ್ಟುಕೊಂಡು ಕೂರುವ ತಾಳ್ಮೆ ಇದ್ದವರಿಗೆ.

ಇದರಿಂದ ನಿಜವಾಗಿ ದುಡ್ಡು ಉಳಿಯುತ್ತದಾ?

ಲೆಕ್ಕ ಹಾಕೋಣ. ಒಂದು ಪೌಂಡಿಗೆ 7,000 ಗ್ರೇನ್. ತೋಟಾಕ್ಕೆ 18 ಗ್ರೇನ್ ಅಂದುಕೊಂಡರೆ ಪೌಂಡಿಗೆ 388 ತೋಟಾ, ಎಂಟು ಪೌಂಡಿಗೆ ಮೂರು ಸಾವಿರ ದಾಟುತ್ತದೆ. ಕ್ಲೇಸ್ ತರಹದ ಹರವಿನ ಪೌಡರುಗಳ ಸಣ್ಣ ಡಬ್ಬ 14 ಔನ್ಸಿನದು, ಪೌಂಡ್ ಅಂದುಕೊಂಡು ಬೆಲೆ ಹೋಲಿಸಬೇಡಿ. 25 ಪೌಂಡ್ ಚರೆ ಚೀಲದಲ್ಲಿ 400 ಔನ್ಸ್, ಅಂದರೆ 1 ಔನ್ಸಿನ 400 ತೋಟಾ. 1⅛ ಆದರೆ 355, ⅞ ಆದರೆ 457.

ನಿಮ್ಮೂರ ಬೆಲೆಗಳನ್ನು ಇಲ್ಲಿ ಹಾಕಿ ನೋಡಿ. ದೊಡ್ಡ ಖರ್ಚು ಸೀಸದ್ದು ಅಂತ ತಕ್ಷಣ ತಿಳಿಯುತ್ತದೆ. ಪೌಡರ್ ಡಬ್ಬಕ್ಕೆ ಐದು ಡಾಲರ್ ಕಡಿಮೆ ಸಿಗುತ್ತದೆ ಅಂತ ಊರೂರು ಅಲೆಯುವುದಕ್ಕಿಂತ, ಚರೆಯ ತೂಕ ⅛ ಔನ್ಸ್ ಇಳಿಸಿದರೆ ಹೆಚ್ಚು ಉಳಿಯುತ್ತದೆ. 12 ಗೇಜಿನ ಅಗ್ಗದ ತೋಟಾ ಅಂಗಡಿಯಲ್ಲಿ ಸಿಗುವಾಗ ಉಳಿತಾಯ ಅಷ್ಟಕ್ಕಷ್ಟೇ. 28 ಮತ್ತು .410ರಲ್ಲಿ ಮಾತ್ರ ಎದ್ದು ಕಾಣುತ್ತದೆ. ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೇರೆ. ನಾಲ್ಕು ಜನ ಸೇರಿ ಒಂದೇ ಆರ್ಡರ್ ಮಾಡುವುದು ಜಾಣತನ.

ಹಲ್ ಯಾವುದು ಒಳ್ಳೆಯದು?

ರೆಮಿಂಗ್ಟನ್ ಎಸ್‌ಟಿಎಸ್, ವಿಂಚೆಸ್ಟರ್ ಎಎ. ಎಎ 1965ರಿಂದ ಇದೆ. ಎರಡೂ ಒಳಗೆ ಕೆಳಗೆ ಹೋದಂತೆ ಕಿರಿದಾಗುವ ಹಲ್. ಫೆಡರಲ್, ಚೆಡೈಟ್, ಫಿಯೋಕಿಯವು ನೇರ ಗೋಡೆಯವು, ಅವುಗಳ ವ್ಯಾಡೇ ಬೇರೆ, ರೆಸಿಪಿಯೇ ಬೇರೆ. ಕ್ಲಬ್ಬಿನ ನೆಲದಿಂದ ಎಲ್ಲವನ್ನೂ ಬಾಚಿಕೊಂಡು ಬರುವ ಆಸೆ ಆಗುತ್ತದೆ. ಒಂದೇ ಜಾತಿಯದನ್ನು ಆರಿಸಿ, ಉಳಿದದ್ದನ್ನು ಬಿಟ್ಟುಬಿಡಿ.

ನನ್ನ ಪೌಡರ್ ಅಂಗಡಿಯಲ್ಲಿ ಸಿಗುತ್ತಿಲ್ಲ. ಹತ್ತಿರದ್ದು ಯಾವುದಾದರೂ?

ಕೊರತೆ ಇಲ್ಲಿ ಹೊಸದಲ್ಲ. ಕಂಪನಿಗಳೂ ಒಂದಾಗುತ್ತಾ ಬಂದಿವೆ. ಕನ್ಸಾಸ್‌ನ ಹಾಜ್‌ಡನ್ 2003ರಲ್ಲಿ ಐಎಂಆರ್ ಕೊಂಡಿತು, 2006ರಿಂದ ವಿಂಚೆಸ್ಟರ್ ಹೆಸರಿನ ಪೌಡರುಗಳನ್ನೂ ಮಾರುತ್ತಿದೆ, ಆಮೇಲೆ ಅಕ್ಯುರೇಟ್, ರ‍್ಯಾಮ್‌ಶಾಟ್ ಕೂಡ ಅದರ ಮನೆ ಸೇರಿದವು. ಈ ನಡುವೆ ಎಷ್ಟೋ ಹಳೆಯ ಪೌಡರುಗಳು ನಿಂತುಹೋದವು.

ಸಿಗದಿದ್ದರೆ ನಿಮ್ಮ ಹಲ್, ಪ್ರೈಮರ್, ವ್ಯಾಡ್ ಹಿಡಿದುಕೊಂಡು ಪಟ್ಟಿಗೆ ಹೋಗಿ, ಅವಕ್ಕೆ ಹೊಂದುವ ಬೇರೆ ಪೌಡರಿನ ಪೂರ್ತಿ ರೆಸಿಪಿ ಹುಡುಕಿ. ‘ಕ್ಲೇಸ್ ಇದ್ದ ಕಡೆ ಇಂಟರ್‌ನ್ಯಾಷನಲ್, ಅಷ್ಟೇ ಗ್ರೇನ್’ ಅನ್ನುವ ಲೆಕ್ಕ ನಡೆಯುವುದಿಲ್ಲ. ಎರಡು ಅರ್ಧ ಡಬ್ಬ ಸೇರಿಸಿ ಒಂದು ಮಾಡುವುದಂತೂ ಸುತರಾಂ ಬೇಡ.

ಮನೆಯಲ್ಲಿ ಎಷ್ಟು ಪೌಡರ್ ಇಡಬಹುದು? ಎಲ್ಲಿ?

ಬಹಳ ಕಡೆ ಅನುಸರಿಸುವ, ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 495 ನಿಯಮದ ಪ್ರಕಾರ ಮನೆಯಲ್ಲಿ 20 ಪೌಂಡ್ ತನಕ, ಅದರದೇ ಡಬ್ಬದಲ್ಲಿ. 20ರಿಂದ 50 ಪೌಂಡ್ ಆದರೆ ಕನಿಷ್ಠ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ನಿಮ್ಮ ಊರಿನ ನಿಯಮ, ಬಾಡಿಗೆ ಮನೆಯ ಕರಾರು, ವಿಮೆ ಮೂರನ್ನೂ ನೋಡಿಕೊಳ್ಳಿ. ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಡಿ. ಬಯಲಿನಲ್ಲಿ ಪೌಡರ್ ಬರೀ ಉರಿಯುತ್ತದೆ, ಬಿಗಿಯಾಗಿ ಮುಚ್ಚಿದ ಕಡೆ ಸಿಡಿಯುತ್ತದೆ. ತಂಪು, ಒಣ ಜಾಗ. ದೇವರ ದೀಪ, ನೀರು ಕಾಯಿಸುವ ಗ್ಯಾಸ್ ಹೀಟರ್ ಇವುಗಳಿಂದ ದೂರ. ಮಕ್ಕಳ ಕೈಗೆ ಸಿಗದಂತೆ.

ತುಂಬುವಾಗ ಮೇಜಿನ ಮೇಲೆ ಒಂದೇ ಡಬ್ಬ. ಕೆಲಸ ಮುಗಿದ ಮೇಲೆ ಯಂತ್ರದ ಬಾಟಲಿಯಲ್ಲಿ ಪೌಡರ್ ಬಿಡಬೇಡಿ. ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಮತ್ತೆ ಮುಂದಿನ ವಾರ ಅದು ಯಾವ ಪೌಡರ್ ಅಂತ ನಿಮಗೇ ಮರೆತಿರುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡಿ.

ಎಚ್1ಬಿ ವೀಸಾದಲ್ಲಿದ್ದೇನೆ. ಪೌಡರ್ ಕೊಳ್ಳಬಹುದಾ?

ಇದನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕಾದ ಪ್ರಶ್ನೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ‘ಮದ್ದುಗುಂಡು’ ಅನ್ನುವುದರಲ್ಲಿ ಪ್ರೈಮರ್, ಪೌಡರ್ ಕೂಡ ಸೇರಿವೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ವೀಸಾದವರು ಕ್ಲಬ್ಬಿನ ಗೆಳೆಯನ ಮಾತು ನಂಬದೆ ವಕೀಲರನ್ನು ಕೇಳಿ. ಸ್ವಂತಕ್ಕೆ ತೋಟಾ ತುಂಬಲು ಫೆಡರಲ್ ಲೈಸೆನ್ಸ್ ಬೇಡ. ತುಂಬಿ ಮಾರುವ ವ್ಯವಹಾರ ಮಾಡಿದರೆ ಬೇಕು.

ಕೊಡಗಿನಲ್ಲಿ ನಮ್ಮ ಮನೆಯಲ್ಲಿ ಕೋವಿ ಇದೆ. ಅಲ್ಲಿ ಹೀಗೆ ತುಂಬಬಹುದಾ?

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿದೆ. ತೋಟಾ ತಯಾರಿಸುವುದು ಬೇರೆ ವಿಷಯ, ಅದು 1959ರ ಆಯುಧ ಕಾಯ್ದೆಯ 5ನೇ ಕಲಮಿನ ಕೆಳಗೆ ಬರುತ್ತದೆ, ಲೈಸೆನ್ಸ್ ಬೇಕು. ಇಲ್ಲಿ ಕಲಿತದ್ದನ್ನು ಅಲ್ಲಿ ಮಾಡಲು ಹೋಗಬೇಡಿ. ಊರಿಗೆ ಹೊರಡುವ ಮೊದಲು ಶೂಟಿಂಗ್ ಚೀಲದ ಎಲ್ಲ ಜೇಬೂ ತಡಕಿ ನೋಡಿ. ಮರೆತ ಒಂದು ತೋಟಾ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ರಜೆಯೆಲ್ಲ ಪೊಲೀಸ್ ಠಾಣೆಗೆ ಅಲೆದಾಟ.

ಗ್ಯಾರೇಜ್ ಸೇಲಿನಲ್ಲಿ ಹಳೆಯ ಪೌಡರ್ ಡಬ್ಬ ಸಿಕ್ಕಿದೆ. ಬಳಸಬಹುದಾ?

ಸೀಲ್ ಒಡೆದಿದ್ದರೆ ಬೇಡ. ಡಬ್ಬದ ಮೇಲೆ ರೆಡ್ ಡಾಟ್ ಅಂತ ಇರಬಹುದು, ಒಳಗೆ ಏನಿದೆ ಅಂತ ಹೇಳುವವರು ಯಾರು? ಸೀಲ್ ಇದ್ದರೂ ತೆರೆದು ಮೂಸಿ ನೋಡಿ. ಒಳ್ಳೆಯ ಪೌಡರಿಗೆ ದ್ರಾವಕದ ತೆಳು ವಾಸನೆ ಇರುತ್ತದೆ. ಕೆಟ್ಟದ್ದಕ್ಕೆ ಮೂಗು ಉರಿಯುವ ಆಸಿಡ್ ವಾಸನೆ, ಕೆಲವು ಸಲ ತುಕ್ಕಿನ ಬಣ್ಣದ ಧೂಳು, ಕಂದು ಹೊಗೆ. ಅಂಥದ್ದನ್ನು ಮನೆಯೊಳಗೆ ಇಡಲೇಬಾರದು. ಕಸದ ಬುಟ್ಟಿಗೂ ಹಾಕಬೇಡಿ, ಸಿಂಕಿಗೂ ಸುರಿಯಬೇಡಿ. ಊರಿನ ಅಗ್ನಿಶಾಮಕ ಇಲಾಖೆಯ ತುರ್ತು ಅಲ್ಲದ ನಂಬರಿಗೆ ಫೋನ್ ಮಾಡಿ, ಹೇಗೆ ವಿಲೇವಾರಿ ಮಾಡಬೇಕು ಅಂತ ಅವರನ್ನೇ ಕೇಳಿ.